ಗುಣಿಸುವ ಮೊದಲು ಒಡೆಯಿರಿ: ಕರಣಿಗಳ ಲೆಕ್ಕದಲ್ಲಿ ಅಂಕ ಜಾರುವ ಜಾಗಗಳು

ಪ್ರೌಢಶಾಲೆಯ ಉತ್ತರಪತ್ರಿಕೆ ತಿದ್ದುವವರಿಗೆ ಒಂದು ಗುರುತು ಬೇಗ ಸಿಗುತ್ತದೆ. ಕರಣಿಗಳ, ಅಂದರೆ √2ರಂಥ ಪೂರ್ತಿ ಬಿಡಿಸಲಾಗದ ರೂಟುಗಳ (ಮೂಲಗಳ) ಲೆಕ್ಕದ ಪಕ್ಕ, ಹಾಳೆಯ ಅಂಚಿನಲ್ಲಿ ಉದ್ದದ ಗುಣಾಕಾರ ಕಂಡರೆ ಆ ಲೆಕ್ಕ ಅರ್ಧಕ್ಕೇ ನಿಂತಿರುವುದು ಹೆಚ್ಚು. √72 × √54 ಕೊಟ್ಟರೆ √3888 ಎಂದು ಬರೆದು ಕೂರುತ್ತಾರೆ. ತಪ್ಪಲ್ಲ, ಆದರೆ ಈಗ 3888ರೊಳಗಿನ ಪೂರ್ಣವರ್ಗ ಹುಡುಕುವುದೇ ಹೊಸ ಲೆಕ್ಕ. ಆಮೇಲೆ ಹೇಗೂ ಒಡೆಯಲೇಬೇಕು, ಗುಣಿಸುವುದೇಕೆ?

72 = 2×2×2×3×3. 54 = 2×3×3×3. ಎರಡನ್ನೂ ಒಂದೇ ರೂಟಿನೊಳಗೆ ಸೇರಿಸಿದರೆ 2 ನಾಲ್ಕು ಸಲ, 3 ಐದು ಸಲ. ಜೋಡಿ ಕಟ್ಟಿ, ಪ್ರತಿ ಜೋಡಿಯಿಂದ ಒಂದನ್ನು ಮಾತ್ರ ಹೊರಗೆ ತನ್ನಿ: 2×2×3×3, ಅಂದರೆ 36. ಜೋಡಿ ಸಿಗದ 3 ಒಳಗೇ ಉಳಿಯಿತು. ಉತ್ತರ 36√3.

ಇಲ್ಲಿ ಎಡವುವುದು ‘ಒಂದನ್ನು ಮಾತ್ರ’ ಎಂಬಲ್ಲಿ. √9 ಎಷ್ಟೆಂದರೆ ತಟ್ಟನೆ 3 ಎನ್ನುವವರೇ √54ಕ್ಕೆ 9√6 ಬರೆಯುತ್ತಾರೆ, ಸರಿಯಾದದ್ದು 3√6. ಇನ್ನೊಂದು, ಬೇಗ ನಿಲ್ಲಿಸುವುದು. ಮೇಲಿನ ಲೆಕ್ಕವನ್ನೇ ಬಿಡಿಬಿಡಿಯಾಗಿ ಒಡೆದು 6√2 × 3√6 = 18√12 ಎಂದು ಬರೆದು ಕೆಳಗೆ ಗೆರೆ ಎಳೆದುಬಿಡುತ್ತಾರೆ. 12ರೊಳಗೆ ಇನ್ನೂ 4 ಇದೆ, ಅದರಿಂದ 2 ಹೊರಬರಬೇಕು.

ಸರಿಯೋ ಎಂದು ನೋಡಲು ಅಂದಾಜು ಸಾಕು. √72 ಸುಮಾರು 8.5, √54 ಸುಮಾರು 7.3, ಗುಣಲಬ್ಧ 62ರ ಆಸುಪಾಸು. 36 × 1.73 ಕೂಡ 62 ಚಿಲ್ಲರೆ.

ಕೂಡುವ ಚಿಹ್ನೆ ಬಂದ ಕೂಡಲೇ ನಿಯಮ ಬದಲು. √50 + √18 ಎಂದರೆ √68 ಅಲ್ಲ. 5√2 + 3√2, ಅಂದರೆ 8√2. (2 + √3)²ಕ್ಕೆ 4 + 3 = 7 ಬರೆದವರು ನಡುವಿನ 4√3 ನುಂಗಿದ್ದಾರೆ.

ವರ್ಗ ಸಮೀಕರಣದ ಸೂತ್ರದಲ್ಲಿ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. (6 ± √28)/2 ಬಂದಾಗ ರೂಟಿನೊಳಗಿನ 28ನ್ನೇ 2ರಿಂದ ಹೊಡೆದು 3 ± √14 ಮಾಡುತ್ತಾರೆ. ಒಳಗಿನದಕ್ಕೂ ಹೊರಗಿನದಕ್ಕೂ ನೇರ ಭಾಗಾಕಾರವಿಲ್ಲ. ಮೊದಲು √28 = 2√7 ಮಾಡಿ, ಆಮೇಲೆ 6 ಮತ್ತು 2√7 ಎರಡನ್ನೂ ಭಾಗಿಸಿ: 3 ± √7.

ಕೊನೆಗೆ ಕೈಬರಹ. 3√2ರಲ್ಲಿ 3ನ್ನು ಚಿಕ್ಕದಾಗಿ, ಮೇಲಕ್ಕೆ ಬರೆದರೆ ಅದು ಘನಮೂಲವಾಗುತ್ತದೆ. ರೂಟಿನ ಮೇಲ್ಗೆರೆ ಎಲ್ಲಿಗೆ ನಿಲ್ಲುತ್ತದೋ ಅಲ್ಲಿಯವರೆಗಿನದಷ್ಟೇ ಒಳಗಿನದು; ಬೋರ್ಡಿನ ಮೇಲೆ ನಾವೇ ಅದನ್ನು ಮೋಟಾಗಿ ಎಳೆದರೆ ಮಕ್ಕಳೂ ಹಾಗೇ ಎಳೆಯುತ್ತಾರೆ.