ಸೇಬಿನ ಮೇಲೊಂದು ಕಿಟಕಿ

ಇವತ್ತು ಒಂದು ಸೇಬು ಬಿಡಿಸಿದೆ. ಇಲಸ್ಟ್ರೇಟರ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ. ಮೂರು ಗಂಟೆ ಹಿಡಿಯಿತು. ತಿನ್ನೋಕೆ ಮೂರು ನಿಮಿಷ ಸಾಕಿತ್ತು.

ಆಕಾರ ಬೇಗ ಬಂತು. ಗೆರೆ ಎಳೆಯೋ ಪೆನ್ ಟೂಲ್, ಆ ಗೆರೆಯನ್ನು ಹಿಡಿದಿಡುವ ಏಳೆಂಟು ಆಂಕರ್ ಪಾಯಿಂಟ್, ಅಷ್ಟೇ. ಆಮೇಲೆ ಗ್ರೇಡಿಯಂಟ್ ಮೆಶ್. ಹಣ್ಣಿಗೆ ಬಲೆ ಹೊದಿಸಿದ ಹಾಗೆ ಗೆರೆಗಳು. ಗೆರೆಗಳು ಕೂಡುವ ಒಂದೊಂದು ಚುಕ್ಕಿಗೂ ಬಣ್ಣ ಕೊಡಬೇಕು, ನಡುವಿನ ಜಾಗದಲ್ಲಿ ಅವು ತಾವೇ ಬೆರೆಯುತ್ತವೆ. ಸರಿ, ಕೊಟ್ಟೆ. ಎಲ್ಲಾ ಆದ ಮೇಲೂ ಅದು ಪ್ಲಾಸ್ಟಿಕ್ ಸೇಬು!

ಕೊನೆಗೆ ನಿಜವಾದ ಸೇಬನ್ನೇ ತಂದು ಮಾನಿಟರ್ ಪಕ್ಕ ಇಟ್ಟೆ.

ಹೊಳಪು ಅಂತ ನಾನು ಒಂದು ದುಂಡನೆ ಬಿಳಿ ಚುಕ್ಕೆ ಇಟ್ಟಿದ್ದೆ. ನಿಜವಾದದ್ದರಲ್ಲಿ ಅದು ದುಂಡಗಿಲ್ಲ. ಚೌಕ. ಸ್ವಲ್ಪ ಬಾಗಿದ ಚೌಕ, ಮಧ್ಯೆ ಒಂದು ಗೆರೆ. ಅರೆ, ನನ್ನ ರೂಮಿನ ಕಿಟಕಿ! ಚೌಕಟ್ಟಿನ ಸಮೇತ, ಪುಟ್ಟದಾಗಿ, ಸೇಬಿನ ಹೆಗಲ ಮೇಲೆ ಕೂತಿದೆ. ಹತ್ತಿರ ಬಗ್ಗಿದರೆ ನನ್ನ ತಲೆಯೂ ಕಪ್ಪಗೆ ಅಡ್ಡ ಬರುತ್ತದೆ.

ನೆರಳು ಅಂದರೆ ಕಪ್ಪು ಅಂದುಕೊಂಡಿದ್ದೆ, ಅದೂ ತಪ್ಪು. ಕೆಳಗಿದ್ದ ಬಿಳಿ ಹಾಳೆಯ ಬೆಳಕು ತಾಗಿ ಸೇಬಿನ ಅಡಿಯ ಅಂಚು ತಿಳಿಯಾಗಿತ್ತು. ಹಾಳೆ ಮೇಲೂ ಒಂಚೂರು ಕೆಂಪು ಚೆಲ್ಲಿತ್ತು.

ಇಷ್ಟು ವರ್ಷ ಎಷ್ಟೊಂದು ಸೇಬು ತಿಂದಿದ್ದೇನೆ. ಒಂದರ ಮೇಲೂ ಕಿಟಕಿ ನೋಡಿರಲಿಲ್ಲ. ತಿನ್ನುವಾಗ ಯಾರು ನೋಡುತ್ತಾರೆ, ಅಲ್ವಾ? ಸೇಬು ಅಂದರೆ ಕೆಂಪು, ದುಂಡಗೆ ಅಂತ ತಲೆಯೊಳಗೆ ಒಂದು ಚಿತ್ರ ಇತ್ತು. ಬೆಳಗಿನಿಂದ ಅದನ್ನೇ ನೋಡಿ ಬಿಡಿಸುತ್ತಿದ್ದೆ.

ಬಿಳಿ ಚುಕ್ಕೆ ಅಳಿಸಿ ಕಿಟಕಿ ಇಟ್ಟೆ. ಒಪಾಸಿಟಿ ಸ್ವಲ್ಪ ಇಳಿಸಿದೆ, ಅಂದರೆ ಕೊಂಚ ಪಾರದರ್ಶಕ ಮಾಡಿದೆ. ಪ್ಲಾಸ್ಟಿಕ್ ಹೋಯಿತು.

ತೊಟ್ಟು ಬಿಡಿಸೋದು ಇನ್ನೂ ಬಾಕಿ ಇತ್ತು. ಆದರೆ ಕೆಲಸದ ಮಧ್ಯೆ ಸೇಬನ್ನ ಸುಮ್ನೆ ಕಚ್ಚಿಬಿಟ್ಟೆ. ಈಗ ಮಾಡೆಲ್ ಅರ್ಧ ಇದೆ.