ಅಪ್ಪನ ಇಪ್ಪತ್ನಾಲ್ಕು ಗಂಟೆ

"ನಾಡಿದ್ದು ಮನೆಗೆ ಕರ್ಕೊಂಡು ಹೋಗಬಹುದು" ಅಂತ ಡಾಕ್ಟರ್ ಹೇಳಿದಾಗ ಅಮ್ಮನಿಗೆ ಖುಷಿಯಾಯಿತು. ನನ್ನ ಎದೆ ಮಾತ್ರ ಧಸಕ್ಕೆಂದಿತು. ಸ್ಟ್ರೋಕ್ ಆಗಿ ಅಪ್ಪನ ಬಲಗೈ, ಬಲಗಾಲಿನಲ್ಲಿ ಶಕ್ತಿಯೇ ಇರಲಿಲ್ಲ. ಮಾತು ಹೊರಡುತ್ತಿರಲಿಲ್ಲ. ನುಂಗಲು ಆಗುತ್ತಿರಲಿಲ್ಲವಾದ್ದರಿಂದ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿದ್ದರು, ಮೂತ್ರಕ್ಕೆ ಕ್ಯಾತಿಟರ್, ಅಂದರೆ ಮೂತ್ರವನ್ನು ಹೊರಗಿನ ಚೀಲಕ್ಕೆ ಬಿಡುವ ನಳಿಕೆ. ಆಸ್ಪತ್ರೆಯಲ್ಲಿ ಪಾಳಿ ಮೇಲೆ ಪಾಳಿ ಅಷ್ಟೊಂದು ಜನ ನೋಡಿಕೊಳ್ಳುತ್ತಿದ್ದ ಮನುಷ್ಯನನ್ನು ಮನೆಗೆ ತಂದು ಅಮ್ಮ, ಅಣ್ಣ, ನಾನು ಏನು ಮಾಡೋದು?

ನೋಡಲು ಬಂದವರದೆಲ್ಲ ಒಂದೇ ಮಾತು. "ಒಬ್ಬ ಹೋಮ್ ನರ್ಸ್ ಇಟ್ಕೊಂಡ್ಬಿಡಿ." ಅಣ್ಣ ಆಗಲೇ ಫೋನ್ ಹಿಡಿದು ಏಜೆನ್ಸಿಗಳ ನಂಬರ್ ಹುಡುಕುತ್ತಾ ಕೂತಿದ್ದ. ಅವನನ್ನು ತಡೆದವರು ವಾರ್ಡಿನ ಸಿಸ್ಟರ್. ವಯಸ್ಸಾದವರು, ಮಾತು ಕಡಿಮೆ, ಸ್ವಲ್ಪ ಗದರುವ ಸ್ವಭಾವ. "ಯಾರು ಬೇಕು ಅಂತ ಆಮೇಲೆ ನೋಡಿ. ಕೆಲಸ ಏನೇನಿದೆ ಅಂತ ಗೊತ್ತಾ ನಿಮಗೆ? ಒಂದು ಹಾಳೆ ತಗೊಳ್ಳಿ. ಇಲ್ಲೇ ಕೂತು, ಇವರಿಗೆ ನಾವು ಮಾಡೋದನ್ನೆಲ್ಲ ಟೈಮ್ ಹಾಕಿ ಬರ್ಕೊಳ್ಳಿ" ಅಂದರು.

ಆ ದಿನ, ಆ ರಾತ್ರಿ ನಾನು ಅದನ್ನೇ ಮಾಡಿದೆ. ಬರೆಯುತ್ತಾ ಹೋದ ಹಾಗೆ ಸಿಸ್ಟರ್ ಬರೀ ನೋಡಲು ಬಿಡಲಿಲ್ಲ, ಒಂದೊಂದನ್ನೂ ನನ್ನ ಕೈಯಲ್ಲೇ ಮಾಡಿಸಿದರು.

ಟ್ಯೂಬಿನಲ್ಲಿ ಆಹಾರ ಹಾಕುವ ಮೊದಲು ಅವರು ಅಪ್ಪನ ಮೂಗಿನ ಹತ್ತಿರ ಬಗ್ಗಿ ನೋಡುತ್ತಿದ್ದರು. ಮೂಗಿನ ಹೊಳ್ಳೆಗೆ ಸರಿಯಾಗಿ ಟ್ಯೂಬಿನ ಮೇಲೊಂದು ಗುರುತು ಇತ್ತು. ಅದು ಜರುಗಿದ್ದರೆ ಒಳಗಿನ ತುದಿ ಹೊಟ್ಟೆಯಲ್ಲೇ ಇದೆ ಅಂತ ನಂಬುವ ಹಾಗಿಲ್ಲ. ಹಾಕಿದ್ದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. "ಗುರುತು ಜರುಗಿದ್ರೆ ಒಂದು ಹನಿ ನೀರೂ ಹಾಕ್ಬೇಡಿ. ಟ್ಯೂಬ್ ಹೊರಗೆ ಬಂದ್ರೆ ನೀವೇ ಒಳಗೆ ತಳ್ಳೋಕೆ ಹೋಗ್ಬೇಡಿ" ಅಂದರು. ಆಹಾರ ಹಾಕುವಾಗ ಮಂಚದ ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಬೇಕು. ಮುಗಿದ ಮೇಲೂ ಕಡಿಮೆ ಅಂದರೆ ಅರ್ಧ ಗಂಟೆ ಹಾಗೇ ಇರಬೇಕು. ಮೊದಲು ಮತ್ತು ಕೊನೆಗೆ ನೀರು ಬಿಟ್ಟು ಟ್ಯೂಬ್ ತೊಳೆಯಬೇಕು. ಮಾತ್ರೆ ಪುಡಿ ಮಾಡಿ ಹಾಕೋದು ಸರಿ, ಆದರೆ ಎಲ್ಲಾ ಮಾತ್ರೆಯನ್ನೂ ಪುಡಿ ಮಾಡುವಂತಿಲ್ಲ. ಹೊಟ್ಟೆಯಲ್ಲಿ ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲಕ್ಕೆ ಹೋದಂತೆ. ನಮ್ಮ ಚೀಟಿಯಲ್ಲೂ ಅಂಥದ್ದೊಂದಿತ್ತು. ಡಾಕ್ಟರ್‌ಗೆ ಹೇಳಿ ಬದಲಿ ಬರೆಸಿಕೊಂಡೆವು.

ಮಗ್ಗುಲು ಬದಲಿಸುವ ವಿಷಯ ಬಂದಾಗ ಸಿಸ್ಟರ್ ಅಪ್ಪನ ಹಿಮ್ಮಡಿ ಎತ್ತಿ ತೋರಿಸಿದರು. ಸ್ವಲ್ಪ ಕೆಂಪಾಗಿತ್ತು. "ಬೆರಳಿಂದ ಒತ್ತಿ ಬಿಡಿ." ಒತ್ತಿದೆ. ಆ ಜಾಗ ಬಿಳಿಚಿಕೊಂಡು ಮತ್ತೆ ಕೆಂಪಾಯಿತು. "ಹೀಗೆ ಬಿಳಿ ಆಗಿ ಬಂದ್ರೆ ರಕ್ತ ಓಡಾಡ್ತಾ ಇದೆ ಅಂತ. ಒತ್ತಿದ್ರೂ ಕೆಂಪು ಹೋಗ್ಲಿಲ್ಲ ಅಂದ್ರೆ ಬೆಡ್ ಸೋರ್, ಅಂದ್ರೆ ಒಂದೇ ಕಡೆ ಮಲಗಿ ಆಗೋ ಹುಣ್ಣು, ಶುರುವಾಗಿದೆ." ಬಣ್ಣ ಕಪ್ಪಾಗಿರುವವರ ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಅಂಥವರಿಗೆ ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕಂತೆ. ಕೆಂಪಾದ ಜಾಗವನ್ನು ತಿಕ್ಕಬಾರದು, ಉಂಗುರದಂಥ ದಿಂಬು ಇಡಬಾರದು. ಅವೆರಡೂ ನನಗೆ ಹೊಸ ವಿಷಯ. ಅಮ್ಮ ಪ್ರತಿದಿನ ಪ್ರೀತಿಯಿಂದ ಅದೇ ಜಾಗವನ್ನು ತಿಕ್ಕುತ್ತಿದ್ದಳು! ಏರ್ ಬೆಡ್ ಬಾಡಿಗೆಗೆ ತಂದರೆ ಒಳ್ಳೆಯದು, ಆದರೆ ಅದು ಬಂತು ಅಂತ ಮಗ್ಗುಲು ಬದಲಿಸೋದು ನಿಲ್ಲಿಸುವಂತಿಲ್ಲ. ವಾರ್ಡಿನಲ್ಲಿ ಎರಡು ಗಂಟೆಗೊಮ್ಮೆ ಮಾಡುತ್ತಿದ್ದರು, ರಾತ್ರಿಯೂ.

ಈ "ರಾತ್ರಿಯೂ" ಅನ್ನೋದು ಹಾಳೆಯಲ್ಲಿ ಬರೆದಾಗಲೇ ನನಗೆ ಕಣ್ಣಿಗೆ ಹೊಡೆದದ್ದು. ನಮ್ಮ ತಲೆಯಲ್ಲಿ ಇದ್ದದ್ದು ಹಗಲಿನ ಕೆಲಸಗಳೇ. ಸ್ನಾನ, ಊಟ, ಔಷಧಿ, ವ್ಯಾಯಾಮ. ಹಾಳೆಯ ಹಿಂಬದಿಯಲ್ಲಿ ಹನ್ನೆರಡು ಗಂಟೆ, ಎರಡು ಗಂಟೆ, ನಾಲ್ಕು ಗಂಟೆ ಅಂತ ಸಾಲಾಗಿ ನಿಂತಿದ್ದವು. ಮೂತ್ರದ ಚೀಲ ತುಂಬುವ ಮುಂಚೆ ಖಾಲಿ ಮಾಡಬೇಕು, ಅದು ಯಾವಾಗಲೂ ಸೊಂಟಕ್ಕಿಂತ ಕೆಳಗೇ ಇರಬೇಕು, ನೆಲಕ್ಕೆ ತಾಗಬಾರದು. ಇದಕ್ಕೆ ಹಗಲು ರಾತ್ರಿ ಅಂತ ಇಲ್ಲ.

ಬೆಳಿಗ್ಗೆ ಹಾಳೆ ತೋರಿಸಿದೆ. ಸಿಸ್ಟರ್ ತಮ್ಮ ಜೇಬಿನ ಪೆನ್ನಿನಿಂದ ಕೆಲವಕ್ಕೆ ಮಾತ್ರ ಸುತ್ತು ಹಾಕಿದರು. ಕ್ಯಾತಿಟರ್ ಬದಲಿಸೋದು, ರೈಲ್ಸ್ ಟ್ಯೂಬ್ ಬದಲಿಸೋದು, ಗಾಯ ಏನಾದರೂ ಆದರೆ ಡ್ರೆಸ್ಸಿಂಗ್. ಇವಿಷ್ಟಕ್ಕೆ ಓದಿ ಲೈಸೆನ್ಸ್ ಪಡೆದ ನರ್ಸ್ ಬೇಕು, ಆದರೆ ದಿನಾ ಬೇಡ. ಉಳಿದ ಮುಕ್ಕಾಲು ಭಾಗ, ಅಂದರೆ ಸ್ನಾನ, ಬಟ್ಟೆ, ಮಗ್ಗುಲು, ಮಂಚದಿಂದ ಕುರ್ಚಿಗೆ ಕೂರಿಸೋದು, ಟ್ಯೂಬಿನ ಆಹಾರ, ಇದೆಲ್ಲ ಚೆನ್ನಾಗಿ ತರಬೇತಿ ಆದ ಅಟೆಂಡರ್ ಕೆಲಸ. ವ್ಯಾಯಾಮಕ್ಕೆ ಫಿಸಿಯೋಥೆರಪಿಸ್ಟ್, ಮಾತಿಗೂ ನುಂಗುವುದಕ್ಕೂ ಸ್ಪೀಚ್ ಥೆರಪಿಸ್ಟ್. ಒಬ್ಬರೇ ಬಂದು ಎಲ್ಲವನ್ನೂ ಮಾಡಿಬಿಡುತ್ತಾರೆ ಅಂತ ಅಂದುಕೊಂಡಿದ್ದ ಅಣ್ಣ ಸುಮ್ಮನಾದ. ನಿಜ ಹೇಳಬೇಕೆಂದರೆ ಖರ್ಚಿನ ಲೆಕ್ಕದಲ್ಲೂ ಇದರಿಂದ ಅನುಕೂಲವೇ ಆಯಿತು. ದಿನಪೂರ್ತಿ ನರ್ಸ್ ಇಟ್ಟುಕೊಂಡು ಅವರ ಕೈಲಿ ಬಟ್ಟೆ ಬದಲಿಸುವ ಕೆಲಸ ಮಾಡಿಸಿದ್ದರೆ ಸುಮ್ನೆ ಜಾಸ್ತಿ ದುಡ್ಡು ಹೋಗುತ್ತಿತ್ತು.

ಆಮೇಲೆ ಫೋನ್ ಮಾಡಲು ಕೂತೆವು. ಹಾಳೆ ಮುಂದಿತ್ತು.

ಮೊದಲು ಸಿಕ್ಕವರು ಏನು ಕೇಳಿದರೂ "ಎಲ್ಲಾ ಮಾಡ್ತಾರೆ ಮೇಡಂ" ಅಂದರು. ಕ್ಯಾತಿಟರ್? ಮಾಡ್ತಾರೆ. ಟ್ಯೂಬ್? ಮಾಡ್ತಾರೆ. ತರಬೇತಿ ಯಾರು ಕೊಡ್ತೀರಿ ಅಂದರೆ "ಹತ್ತು ವರ್ಷದ ಅನುಭವ ಇದೆ" ಅನ್ನುವ ಉತ್ತರ. ಯಾರಿಗೆ ಹತ್ತು ವರ್ಷ, ಕಂಪನಿಗಾ, ಬರುವವರಿಗಾ, ಗೊತ್ತಾಗಲಿಲ್ಲ. ನಮ್ಮ ರೋಗಿ ಹೇಗಿದ್ದಾರೆ ಅಂತ ಒಂದು ಮಾತೂ ಕೇಳದೆ ಯಾವತ್ತಿಂದ ಬೇಕು ಅಂತ ಕೇಳಿದರು.

ಇನ್ನೊಂದು ಕಡೆ ಹೆಂಗಸೊಬ್ಬರು ಫೋನ್ ಎತ್ತಿದರು. ನಾನು ಪ್ರಶ್ನೆ ಶುರು ಮಾಡುವ ಮುಂಚೆ ಅವರೇ ಕೇಳಲು ಶುರು ಮಾಡಿದರು. ತೂಕ ಎಷ್ಟು? ಯಾವ ಕಡೆ ವೀಕ್? ತಾವಾಗಿ ಮಗ್ಗುಲು ತಿರುಗ್ತಾರಾ? ಬೆನ್ನಲ್ಲಿ ಗಾಯ ಇದೆಯಾ? ಮಾತು ಅರ್ಥ ಆಗುತ್ತಾ? ಮಂಚದ ಎತ್ತರ ಎಷ್ಟು, ಬಾತ್‌ರೂಮಿನ ಬಾಗಿಲಿನಲ್ಲಿ ವೀಲ್‌ಚೇರ್ ಹೋಗುತ್ತಾ? ಮನೆಯಲ್ಲಿ ಯಾರ್ಯಾರಿದ್ದೀರಿ, ರಾತ್ರಿ ಯಾರು ಏಳ್ತೀರಿ? ಕೊನೆಗೆ "ಕ್ಯಾತಿಟರ್ ನಮ್ಮ ಅಟೆಂಡರ್ ಮುಟ್ಟಲ್ಲ. ಬದಲಿಸೋಕೆ ನರ್ಸ್ ಕಳಿಸ್ತೀವಿ" ಅಂದರು. ಅವರು ಮಾಡಲ್ಲ ಅಂದದ್ದೇ ನನಗೆ ಧೈರ್ಯ ಕೊಟ್ಟಿತು. ಏನು ಮಾಡಲ್ಲ ಅಂತ ಗೊತ್ತಿರುವವರಿಗೆ ಏನು ಮಾಡಬೇಕು ಅಂತಲೂ ಗೊತ್ತಿರುತ್ತೆ ಅಲ್ವಾ?

ಆ ಫೋನಿನಲ್ಲಿ ನಾನು ಕೇಳಿದ್ದರಲ್ಲಿ ಅತಿ ಉಪಯೋಗಕ್ಕೆ ಬಂದ ಪ್ರಶ್ನೆ, ಬೆಳಿಗ್ಗೆ ಅಟೆಂಡರ್ ಬರಲಿಲ್ಲ ಅಂದರೆ ಏನು ಮಾಡ್ತೀರಿ ಅನ್ನೋದು. ಬದಲಿ ಎಷ್ಟು ಹೊತ್ತಿನೊಳಗೆ ಬರುತ್ತಾರೆ, ಬಂದವರಿಗೆ ಅಪ್ಪನ ವಿಷಯ ಯಾರು ಹೇಳುತ್ತಾರೆ, ಮೇಲ್ವಿಚಾರಕರು ಮನೆಗೆ ಬಂದು ನೋಡುತ್ತಾರಾ, ರಾತ್ರಿ ತೊಂದರೆಯಾದರೆ ಯಾವ ನಂಬರ್. ಇದೆಲ್ಲ ಬರವಣಿಗೆಯಲ್ಲಿ ಬೇಕು ಅಂದೆ. ಬರುವವರ ಗುರುತಿನ ಚೀಟಿ, ಅವರು ಮಾಡುವ ಕೆಲಸ ಮತ್ತು ಮಾಡದ ಕೆಲಸ, ಬೇಡವಾದರೆ ಎಷ್ಟು ದಿನ ಮುಂಚೆ ಹೇಳಬೇಕು ಅನ್ನೋದೂ ಒಪ್ಪಂದದಲ್ಲಿ ಬಂತು.

"ಇಪ್ಪತ್ನಾಲ್ಕು ಗಂಟೆ ಇರೋರನ್ನೇ ಕಳಿಸಿ" ಅಂತ ಅಣ್ಣ ಮಧ್ಯೆ ಬಾಯಿ ಹಾಕಿದ. ಆ ಹೆಂಗಸು ನಯವಾಗಿಯೇ ಹೇಳಿದರು. ಮನೆಯಲ್ಲೇ ಉಳಿಯುವ ಅಟೆಂಡರ್ ಕೂಡ ಮಲಗಬೇಕು. ಎರಡು ಗಂಟೆಗೊಮ್ಮೆ ಎಬ್ಬಿಸಿದರೆ ಮೂರನೇ ದಿನಕ್ಕೆ ಅವರ ಕೈಯಲ್ಲಿ ಕೆಲಸ ಸಾಗಲ್ಲ, ನಿಮ್ಮ ತಂದೆಯನ್ನು ಎತ್ತುವಾಗ ಕೈ ಜಾರುತ್ತೆ. ರಾತ್ರಿ ಎದ್ದಿರುವವರು ಬೇಕು ಅಂದರೆ ಬೇರೆ ಪಾಳಿ, ಬೇರೆ ಮನುಷ್ಯ. ಹಾಳೆಯ ಹಿಂಬದಿ ನೋಡಿಕೊಂಡು ನಾವು ಹಗಲಿಗೆ ಹನ್ನೆರಡು ಗಂಟೆಯ ಅಟೆಂಡರ್ ತಗೊಂಡೆವು. ರಾತ್ರಿಯನ್ನು ಅಣ್ಣ, ನಾನು ಹಂಚಿಕೊಂಡೆವು.

ಇಷ್ಟೆಲ್ಲ ಮಾತು ನಡೆದದ್ದು ಅಪ್ಪನ ಮಂಚದ ಪಕ್ಕದಲ್ಲೇ. ಫೋನ್ ಇಟ್ಟು ತಿರುಗಿದರೆ ಅಪ್ಪ ನಮ್ಮನ್ನೇ ನೋಡುತ್ತಿದ್ದರು, ಆ ಹಳೇ ಸಿಟ್ಟಿನ ನೋಟ. ಮಾತು ಹೋಗಿದೆ ಅಂದ ಮಾತ್ರಕ್ಕೆ ತಿಳಿವಳಿಕೆ ಹೋಗಿಲ್ಲ ಅಂತ ಸ್ಪೀಚ್ ಥೆರಪಿಸ್ಟ್ ಮೊದಲೇ ಹೇಳಿದ್ದರು. ಹೌದು, ಇಲ್ಲ ಅಂತ ಉತ್ತರ ಬರುವ ಚಿಕ್ಕ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ ಅಂದಿದ್ದರು. "ಅಪ್ಪಾ, ಸ್ನಾನ ಮಾಡಿಸೋಕೆ ಹೊರಗಿನವರು ಬರ್ಲಾ?" ಅಂದೆ. ಎಡಗೈ ಹೆಬ್ಬೆರಳು ಮೇಲೆ. "ಗಂಡಸರೇ ಬೇಕಾ?" ಮೇಲೆ. "ನಾನು ಮಾಡಿಸ್ಲಾ?" ಹೆಬ್ಬೆರಳು ಕೆಳಗೆ, ತಕ್ಷಣ. ಅಮ್ಮನಿಗೆ ನಗು ಬಂತು. ಅಷ್ಟು ದಿನ ಅಮ್ಮನ ತಕರಾರು ಅದೇ ಆಗಿತ್ತು, ಹೊರಗಿನವರ ಕೈಗೆ ಹೇಗೆ ಬಿಡೋದು ಅಂತ. ಅಪ್ಪನಿಗೆ ಮಗಳ ಕೈಲಿ ಸ್ನಾನ ಮಾಡಿಸಿಕೊಳ್ಳುವುದಕ್ಕಿಂತ ಗುರುತಿಲ್ಲದ ಗಂಡಸೇ ವಾಸಿ ಅನಿಸಿತ್ತು. ನಾವ್ಯಾರೂ ಕೇಳಿರಲಿಲ್ಲ, ಅಷ್ಟೆ.

ಮನೆಗೆ ಬಂದ ಮೊದಲ ದಿನ ಚೆನ್ನಾಗಿ ಹೋಗಲಿಲ್ಲ. ಬಂದ ಹುಡುಗ ಒಳ್ಳೆಯವನೇ, ಗಟ್ಟಿಮುಟ್ಟಾಗಿದ್ದ. ಆದರೆ ಅಪ್ಪನನ್ನು ಕೂರಿಸಲು ಹೋಗಿ ಬಲಗೈ ಹಿಡಿದು ಎಳೆದ. ಸ್ವಾಧೀನ ತಪ್ಪಿದ ಕೈ ಅದು. ಸ್ಟ್ರೋಕ್ ಆದ ಮೇಲೆ ಭುಜದ ಸುತ್ತಲಿನ ಸ್ನಾಯು ಸಡಿಲವಾಗಿರುತ್ತೆ, ಎಳೆದರೆ ಕೀಲು ಜಾರಬಹುದು ಅಂತ ಫಿಸಿಯೋ ಎಚ್ಚರಿಸಿದ್ದರು. ಅಪ್ಪ ಮುಖ ಹಿಂಡಿದರು. ನಾನು ನಿಲ್ಲಿಸು ಅಂದೆ. ಅವನಿಗೆ ಬೇಜಾರಾಯಿತು, "ಎಲ್ಲಾ ಕಡೆ ಹೀಗೇ ಎತ್ತೋದು ಅಕ್ಕಾ" ಅಂದ. ಇರಬಹುದು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಹೇಳಿಕೊಡದೆ ಕಳಿಸಿದವರ ಮೇಲೆ ಬಂತು. ಮೇಲ್ವಿಚಾರಕರಿಗೆ ಫೋನ್ ಮಾಡಿ ಆದದ್ದನ್ನು ಹೇಳಿದೆ. ಅವರು ವಾದ ಮಾಡಲಿಲ್ಲ. ಮರುದಿನ ಇನ್ನೊಬ್ಬರನ್ನು ತಾವೇ ಕರೆದುಕೊಂಡು ಬಂದರು.

ಎರಡನೆಯವರು ಸಣ್ಣ ಆಳು, ನಡುವಯಸ್ಸು. ಬಂದವರೇ ಕೈ ತೊಳೆದು, ಅಪ್ಪನ ಕಣ್ಣಿಗೆ ಕಾಣುವ ಹಾಗೆ ಸ್ಟೂಲ್ ಎಳೆದುಕೊಂಡು ಕೂತರು. "ಸರ್, ಈಗ ನಿಮ್ಮನ್ನ ಎಡಗಡೆ ತಿರುಗಿಸ್ತೀನಿ" ಅಂದರು. ಅಪ್ಪನ ಬಲ ಮಂಡಿ ಮಡಚಿ, ಬಲಗೈಯನ್ನು ಎದೆಯ ಮೇಲೆ ಮೆತ್ತಗೆ ಇಟ್ಟು, ಒಂದು ಅಂಗೈ ಹೆಗಲ ಹಿಂದೆ, ಇನ್ನೊಂದು ಸೊಂಟದ ಹಿಂದೆ ಇಟ್ಟು ಒಂದೇ ಸಲಕ್ಕೆ ಉರುಳಿಸಿದರು. ಎಲ್ಲೂ ಎಳೆದದ್ದೇ ಇಲ್ಲ. ತಕ್ಷಣ ಬೆನ್ನು, ಸೊಂಟ, ಹಿಮ್ಮಡಿ ನೋಡಿಕೊಂಡು, ಕಾಲಿನ ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಬಿಟ್ಟರು. ಕುರ್ಚಿಗೆ ಕೂರಿಸುವಾಗ ವೀಲ್‌ಚೇರನ್ನು ಶಕ್ತಿ ಇರುವ ಎಡಗಡೆಗೆ ತಂದು, ಬ್ರೇಕ್ ಹಾಕಿ, ಕಾಲಿಡುವ ಹಲಗೆ ಪಕ್ಕಕ್ಕೆ ಸರಿಸಿ, ಆಮೇಲೆ ಎಬ್ಬಿಸಿದರು. ಅಮ್ಮ ಬಾಗಿಲಲ್ಲಿ ನಿಂತು ಎಲ್ಲಾ ನೋಡಿ, ಏನೂ ಹೇಳದೆ ಒಳಗೆ ಹೋದಳು. ಒಪ್ಪಿಗೆ ಆಯಿತು ಅಂತ ನಮಗೆ ತಿಳಿಯಿತು.

ಗೋಡೆಗೆ ಹೊಸ ಹಾಳೆ ಅಂಟಿಸಿದೆವು. ಪ್ರತಿ ಕೆಲಸದ ಮುಂದೆ ಮಾಡಿದವರು ಟೈಮ್ ಹಾಕಬೇಕು, ಔಷಧಿ ಕೊಟ್ಟವರು ಸಹಿ ಹಾಕಬೇಕು. ಅದರ ಕೆಳಗೆ ಯಾವಾಗ ಕಾಯದೆ ಫೋನ್ ಮಾಡಬೇಕು ಅಂತ ಬರೆದೆವು. ಜ್ವರ, ಉಸಿರಾಟದ ತೊಂದರೆ, ಟ್ಯೂಬ್ ಹೊರಬಂದರೆ, ಚೀಲಕ್ಕೆ ಮೂತ್ರವೇ ಬರದೆ ಹೊಟ್ಟೆ ಬಿಗಿದರೆ. ಬಾಯಿ ಇನ್ನಷ್ಟು ಸೊಟ್ಟಗಾದರೆ, ಹೊಸದಾಗಿ ಇನ್ನೊಂದು ಕಡೆ ಶಕ್ತಿ ಕಡಿಮೆ ಅನಿಸಿದರೆ, ಎಚ್ಚರ ತಪ್ಪಿದಂತೆ ಕಂಡರೆ ನೇರ ಆಂಬುಲೆನ್ಸ್. ಅಮ್ಮನ ಹೆಸರನ್ನು ಯಾವ ಎತ್ತುವ ಕೆಲಸದ ಮುಂದೂ ಹಾಕಲಿಲ್ಲ. ಅವಳ ಬೆನ್ನೂ ಹಿಡಿದುಕೊಂಡರೆ ಇಬ್ಬರನ್ನು ನೋಡಿಕೊಳ್ಳಬೇಕಾಗುತ್ತೆ. ಬದಲಿಗೆ ಮಧ್ಯಾಹ್ನ ಎರಡರಿಂದ ನಾಲ್ಕು "ಅಮ್ಮನ ನಿದ್ದೆ" ಅಂತ ದೊಡ್ಡದಾಗಿ ಬರೆದೆ. ಇದನ್ನು ಅವಳು ಕೆಲವು ದಿನ ಪಾಲಿಸಲಿಲ್ಲ. ಆಮೇಲೆ ಅಟೆಂಡರೇ "ಅಮ್ಮಾ, ಟೈಮ್ ಆಯ್ತು" ಅಂತ ಮಲಗಲು ಕಳಿಸತೊಡಗಿದರು.

ತಿಂಗಳುಗಳು ಕಳೆದ ಮೇಲೆ ಅಪ್ಪ ಮೆತ್ತಗಿನ ಆಹಾರ ನುಂಗಲು ಕಲಿತರು. ಸ್ಪೀಚ್ ಥೆರಪಿಸ್ಟ್ ಪರೀಕ್ಷೆ ಮಾಡಿ ಸರಿ ಅಂದ ಮೇಲೆ ಟ್ಯೂಬ್ ತೆಗೆದರು. ಕ್ಯಾತಿಟರ್ ಅದಕ್ಕೂ ಮುಂಚೆ ಹೋಗಿತ್ತು. ಆಸರೆ ಕೊಟ್ಟರೆ ಎದ್ದು ನಿಲ್ಲುತ್ತಾರೆ, ರಾತ್ರಿ ತಾವೇ ಮಗ್ಗುಲು ತಿರುಗುತ್ತಾರೆ. ಹಾಳೆಯ ಹಿಂಬದಿ ಖಾಲಿಯಾಗುತ್ತಾ ಬಂತು. ಏಜೆನ್ಸಿಯವರು ಹನ್ನೆರಡು ಗಂಟೆಯನ್ನೇ ಮುಂದುವರಿಸೋಣ ಅಂದರು. ಹಾಳೆ ತೋರಿಸಿ, ಸ್ನಾನ ಮತ್ತು ನಡಿಗೆಗೆ ಬೆಳಿಗ್ಗೆ ನಾಲ್ಕು ಗಂಟೆ ಸಾಕು, ಆದರೆ ಅದೇ ಮನುಷ್ಯ ಬರಬೇಕು ಅಂದೆ. ಅವರು ಸ್ವಲ್ಪ ಎಳೆದಾಡಿ ಒಪ್ಪಿದರು. ಒಪ್ಪಂದದಲ್ಲಿದ್ದ ಪ್ರಕಾರ ಮುಂಚಿತವಾಗಿ ಪತ್ರ ಕೊಟ್ಟು, ಮುಂದಿನ ತಿಂಗಳಿಂದ ಪಾಳಿ ಬದಲಿಸಿಕೊಂಡೆವು.