ತಾತನ ಹೆಸರಲ್ಲೇ ಉಳಿದ ತೋಟ

ನ್ಯೂಯಾರ್ಕ್ ನಗರ ಸರ್ಕಾರದಲ್ಲಿ ನನ್ನದು ಲೆಕ್ಕಪತ್ರದ ಕೆಲಸ. ಎರಡು ವರ್ಷದ ಹಿಂದೆ ಬಡ್ತಿ ಸಿಕ್ಕಿತು. ಅದರ ಹಿಂದೆಯೇ ಒಂದು ಉದ್ದದ ಅರ್ಜಿಯೂ ಬಂತು. ಅಲ್ಲಿ ದೊಡ್ಡ ಸಂಬಳದ ಹುದ್ದೆಗೆ ಹೋಗುವವರ ಹಿನ್ನೆಲೆಯನ್ನು ಜಾಲಾಡಲಿಕ್ಕೇ ಬೇರೆ ಇಲಾಖೆ ಇದೆ. ತೆರಿಗೆ ಕಟ್ಟಿದ್ದೀರಾ, ಸಾಲ ಎಷ್ಟು, ಹಿಂದೆ ಎಲ್ಲೆಲ್ಲಿ ಕೆಲಸ ಮಾಡಿದ್ದೀರಿ, ಆಸ್ತಿ ಏನಿದೆ.

ಆಸ್ತಿಯ ಹತ್ತಿರ ಬಂದು ಪೆನ್ನು ನಿಂತಿತು. ಶನಿವಾರಸಂತೆ ಹತ್ತಿರ ನಮಗೆ ನಾಲ್ಕು ಎಕರೆ ಕಾಫಿ ತೋಟ ಇದೆ. ಇದೆ ಅಂದರೆ ಇದೆ, ಪ್ರತಿ ವರ್ಷ ನಾವೇ ಹಣ್ಣು ಕೊಯ್ಯುತ್ತೇವೆ. ಆದರೆ ಪಹಣಿಯಲ್ಲಿ ಇರುವುದು ತಾತನ ಹೆಸರು. ತಾತ ತೀರಿಕೊಂಡು 19 ವರ್ಷ.

"ಯಾಕೆ ಇನ್ನೂ ಬದಲಾಗಿಲ್ಲ?" ಎಂದು ವಿಚಾರಣೆಗೆ ಕೂತ ಹೆಂಗಸು ಕೇಳಿದರು. ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಎಂದರೆ ಏನು ಎಂದು ವಿವರಿಸಲು ಹೋಗಿ, ಅರ್ಧಕ್ಕೆ ಬಿಟ್ಟು, "ಮನೆಯ ವಿಷಯ, ತಡವಾಗಿದೆ" ಎಂದು ಮುಗಿಸಿದೆ. ಅವರು ಅದನ್ನೇ ಬರೆದುಕೊಂಡರು.

ನಿಜ ಬೇರೆ ಇತ್ತು. ಊರ ಕಡೆಯ ಒಂದು ಕಚೇರಿಯಲ್ಲಿ ಅಪ್ಪನಿಗೆ "ಸ್ವಲ್ಪ ಖರ್ಚು ಬರುತ್ತೆ" ಅಂದಿದ್ದರು. ಅಪ್ಪ ಕೊಟ್ಟರು. ತೆಗೆದುಕೊಂಡವರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಮತ್ತೆ ಮೊದಲಿನಿಂದ ಶುರು ಮಾಡಿದರು. ಅಪ್ಪ ಬೇಸತ್ತು ಫೈಲನ್ನು ಅಟ್ಟಕ್ಕೆ ಹಾಕಿದರು.

ಆ ಹೆಂಗಸು ಇದ್ದ ಇಲಾಖೆಯ ಹೆಸರು ಡಿಪಾರ್ಟ್‌ಮೆಂಟ್ ಆಫ್ ಇನ್ವೆಸ್ಟಿಗೇಷನ್. ಎಲ್ಲರೂ ಡಿಒಐ ಅಂತಾರೆ. ನಮ್ಮ ಲೋಕಾಯುಕ್ತಕ್ಕೆ ಹೋಲಿಸಬಹುದು, ಆದರೆ ಒಂದೇ ಊರಿನದು. ಹುಟ್ಟಿದ್ದು 1873ರಲ್ಲಿ. ಬಾಸ್ ಟ್ವೀಡ್ ಎಂಬ ರಾಜಕಾರಣಿ ತನ್ನ ಗುಂಪು ಕಟ್ಟಿಕೊಂಡು ನಗರದ ಬೊಕ್ಕಸವನ್ನು ನುಂಗಿ ಸಿಕ್ಕಿಬಿದ್ದ ಮೇಲೆ, ಲೆಕ್ಕ ನೋಡಲು ಜನ ಬೇಕು ಎಂದು ಶುರುವಾಗಿದ್ದು. ಟ್ವೀಡ್ 1878ರಲ್ಲಿ ಜೈಲಿನಲ್ಲೇ ಸತ್ತ. ಅವನ ಕಾಲದಲ್ಲಿ ಸುಳ್ಳು ಬಿಲ್ಲು ಹಾಕಿ ಕಟ್ಟಿಸಿದ ಕೋರ್ಟ್ ಕಟ್ಟಡ ನಗರಸಭೆಯ ಹಿಂದೆ ಇನ್ನೂ ಇದೆ. ಅದನ್ನು ಕರೆಯುವುದೂ ಅವನ ಹೆಸರಲ್ಲೇ! ಕದ್ದವನ ಹೆಸರು ಕಟ್ಟಡಕ್ಕೆ ಉಳಿಯುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ.

ಅಮೆರಿಕದಲ್ಲಿ ಲಂಚ ಇಲ್ಲ ಎಂದು ಊರಲ್ಲಿ ತುಂಬಾ ಜನ ನಂಬಿದ್ದಾರೆ. ಈ ಸಲ ರಜೆಗೆ ಬಂದಾಗ ದೊಡ್ಡಪ್ಪನಿಗೆ 2024ರ ಫೆಬ್ರವರಿಯ ಕತೆ ಹೇಳಿದೆ. ನಗರದ ವಸತಿ ಪ್ರಾಧಿಕಾರದ 70 ಮಂದಿ, ಹಾಲಿ ನೌಕರರು ಮತ್ತು ಮಾಜಿಗಳು ಸೇರಿ, ಒಂದೇ ದಿನ ಲಂಚದ ಕೇಸಿಗೆ ಸಿಕ್ಕಿಬಿದ್ದರು. ತನಿಖೆಯಲ್ಲಿ ಡಿಒಐ ಕೂಡ ಇತ್ತು. ಬಡವರ ಮನೆಗಳ ಕಿಟಕಿ, ನಲ್ಲಿ ರಿಪೇರಿ ಮಾಡಿಸುವ ಸಣ್ಣ ಕೆಲಸಗಳು. ಒಂದು ಮಿತಿಗಿಂತ ಕಡಿಮೆ ಮೊತ್ತದ ಕೆಲಸಕ್ಕೆ, ಅಂದರೆ 10,000 ಡಾಲರ್ ಒಳಗಿನದಕ್ಕೆ, ಆಗ ಟೆಂಡರ್ ಬೇಕಿರಲಿಲ್ಲ. ಅಲ್ಲೇ ಕಳ್ಳದಾರಿ. ಮೇಲ್ವಿಚಾರಕರು ಗುತ್ತಿಗೆದಾರರಿಂದ ನೂರಕ್ಕೆ 10ರಿಂದ 20ರಷ್ಟು ಕೀಳುತ್ತಿದ್ದರು. ಹೆಚ್ಚಾಗಿ ಒಂದು ಕೆಲಸಕ್ಕೆ 500ರಿಂದ 2,000 ಡಾಲರ್. ಎಲ್ಲ ಸೇರಿ 20 ಲಕ್ಷ ಡಾಲರ್ ದಾಟಿತ್ತು.

ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು, "ಇದು ನಮ್ಮ ತುಂಡು ಗುತ್ತಿಗೆ ಅಲ್ವಾ?" ಅಂದರು.

ಹೌದು, ಅದೇ. ಅವರಿಗೆ ಒಂಥರಾ ಸಮಾಧಾನವಾದಂತೆ ಕಂಡಿತು.

ಇನ್ನೊಂದು ಕತೆಗೆ ಮಾತ್ರ ಅವರು ಜೋರಾಗಿ ನಕ್ಕರು. 2014ರಲ್ಲಿ ಡಿಒಐನ ಒಬ್ಬರು ಜೈಲು ಸಿಬ್ಬಂದಿಯ ವೇಷ ಹಾಕಿಕೊಂಡು ರೈಕರ್ಸ್ ದ್ವೀಪದ ಜೈಲುಗಳಿಗೆ ಹೋದರು. ಜೇಬಿನಲ್ಲಿ ಹೆರಾಯಿನ್, ಗಾಂಜಾ, ಬ್ಲೇಡು. ನೀರಿನ ಬಾಟಲಿಯಲ್ಲಿ ವೋಡ್ಕಾ. ಆರು ಬಾಗಿಲುಗಳಲ್ಲೂ ಯಾರೂ ಹಿಡಿಯಲಿಲ್ಲ. ಕಳ್ಳಸಾಗಣೆ ಎಷ್ಟು ಸುಲಭ ಎಂದು ವರದಿ ಬರೆಯಲಿಕ್ಕೇ ಈ ನಾಟಕ.

ಆದರೆ ನನ್ನನ್ನು ಕಾಡಿದ್ದು ಇದ್ಯಾವುದೂ ಅಲ್ಲ, ಕೆಲಸಕ್ಕೆ ಸೇರಿದಾಗ ಕೊಟ್ಟ ತರಬೇತಿ. ಗುತ್ತಿಗೆದಾರರಿಂದ 50 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಉಡುಗೊರೆ ಮುಟ್ಟಬಾರದು ಎಂದರು. ಸರಿ, ಅದು ಗೊತ್ತಿದ್ದ ಮಾತೇ. ಆಮೇಲೆ 1978ರಲ್ಲಿ ಮೇಯರ್ ಎಡ್ ಕಾಚ್ ಹೊರಡಿಸಿದ 16ನೇ ಆದೇಶ ತೋರಿಸಿದರು. ನಗರದ ನೌಕರರಿಗೆ ಲಂಚದ ವಿಷಯ ಗೊತ್ತಾದರೆ ತಡಮಾಡದೆ ಡಿಒಐಗೆ ಹೇಳಬೇಕು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರೆ ಅದೇ ತಪ್ಪು, ಕೆಲಸದಿಂದಲೇ ತೆಗೆಯಬಹುದು. ನಾವು ಬೆಳೆದದ್ದು "ನಮಗ್ಯಾಕೆ, ಸುಮ್ನಿರು" ಎಂಬ ಮಾತು ಕೇಳಿಕೊಂಡು. ಅಲ್ಲಿ ಸುಮ್ಮನಿರಲಿಕ್ಕೂ ಬಿಡುವುದಿಲ್ಲ.

ಹಾಗಂತ ಡಿಒಐ ದೇವರ ಕೋಣೆಯೇನಲ್ಲ. ಅದರ ಮುಖ್ಯಸ್ಥರನ್ನು ನೇಮಿಸುವುದು ಮೇಯರ್, ನಗರ ಕೌನ್ಸಿಲ್ ಒಪ್ಪಬೇಕು ಅಷ್ಟೇ. 2018ರಲ್ಲಿ ಮೇಯರ್ ಬಿಲ್ ಡಿ ಬ್ಲಾಸಿಯೊ ಆಗಿನ ಕಮಿಷನರನ್ನು ತೆಗೆದುಹಾಕಿದರು. ಶಾಲೆಗಳ ತನಿಖಾ ಕಚೇರಿಯನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳಲು ಆತ ಅಧಿಕಾರ ಮೀರಿದ್ದರು ಎಂದು ಒಂದು ವರದಿ ಹೇಳಿತ್ತು. ಮೇಯರ್ ಕಡೆಯವರ ತನಿಖೆ ಮಾಡಿದ್ದಕ್ಕೆ ಈ ಸೇಡು ಎಂದು ಆತ ಹೇಳಿದರು. ಕಾವಲು ನಾಯಿಯ ಹಗ್ಗ ಯಾರ ಕೈಯಲ್ಲಿದೆ ಎಂಬ ಜಗಳ ನಮಗೂ ಹೊಸದಲ್ಲ. 2016ರಲ್ಲಿ ನಮ್ಮ ರಾಜ್ಯ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ, ಅಂದರೆ ಎಸಿಬಿ, ಕಟ್ಟಿ ಲೋಕಾಯುಕ್ತದ ಹಲ್ಲು ಕಿತ್ತಿತ್ತು. 2022ರ ಆಗಸ್ಟಿನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿತು.

ಅವತ್ತು ಸಂಜೆ ಮಳೆ ಬಿಡಲೇ ಇಲ್ಲ. ಕರೆಂಟ್ ಹೋಗಿತ್ತು. ಜಗುಲಿಯಲ್ಲಿ ಮಾತು ಲೋಕಾಯುಕ್ತದ ಕಡೆ ತಿರುಗಿತು. ನೋಟಿಗೆ ಪುಡಿ ಹಚ್ಚುವುದು, ಮುಟ್ಟಿದ ಕೈ ತೊಳೆಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುವುದು, ಇದೆಲ್ಲ ಪೇಪರಿನಲ್ಲಿ ಓದಿ ದೊಡ್ಡಪ್ಪನಿಗೆ ಬಾಯಿಪಾಠ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಟ್ಟವರ ಮೇಲೂ ಕೇಸು ಹಾಕಬಹುದು, ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತಿಳಿಸಿದರೆ ಬಚಾವು ಎಂದು ನಾನು ಹೇಳಿದೆ. ಅಪ್ಪ ಕೊಟ್ಟಿದ್ದು ಅದಕ್ಕೂ ಎಷ್ಟೋ ಮೊದಲು. ಆದರೂ ಅವರು ಎದ್ದು ಒಳಗೆ ಹೋದರು.

ಆಗ ದೊಡ್ಡಪ್ಪ ಮೆಲ್ಲಗೆ ಕೇಳಿದರು. "ಅಲ್ಲ ಮಗಾ, ಆ ಅಮ್ಮ ಯಾಕೆ ಖಾತೆ ಆಗಿಲ್ಲ ಅಂತ ಕೇಳಿದಾಗ, ಲಂಚ ಕೇಳಿದ್ರು ಅಂತ ಹೇಳಿದ್ಯಾ?"

ಇಲ್ಲ ಅಂದೆ. ನಾಚಿಕೆಯಾಗಿತ್ತು. ಊರಿನ ಮಾನ ಅನ್ನಿಸಿತ್ತು. ಅವರು ಕೇಳುವುದು ನ್ಯೂಯಾರ್ಕಿನ ಲಂಚ, ಕೊಡಗಿನದಲ್ಲ ಎಂದು ನನಗೆ ನಾನೇ ಸಬೂಬು ಹೇಳಿಕೊಂಡಿದ್ದೆ.

ಮರುದಿನ ಅಟ್ಟದಿಂದ ಫೈಲು ಇಳಿಸಿದೆವು. ಅರ್ಧ ಗೆದ್ದಲು ತಿಂದಿತ್ತು. ತಾತನ ಮರಣ ಪತ್ರದ ನಕಲು ಹೊಸದಾಗಿ ತೆಗೆಸಿದ್ದಾಯಿತು. ವಂಶವೃಕ್ಷ ಬರೆಸಲು ಎರಡು ದಿನ ಓಡಾಡಿದೆವು, ಮೈಸೂರಿನ ಅತ್ತೆ ಬಸ್ಸು ಹತ್ತಿ ಬಂದು ಸಹಿ ಹಾಕಿದರು. ಅರ್ಜಿ ಕೊಟ್ಟು, ಗೊತ್ತಾದ ದಿನದೊಳಗೆ ಕೆಲಸ ಮಾಡಿಕೊಡಬೇಕು ಎನ್ನುವ ಸಕಾಲ ಯೋಜನೆಯ ಸ್ವೀಕೃತಿ ಕೇಳಿದೆ. ಕೌಂಟರಿನಲ್ಲಿದ್ದವರು ನನ್ನ ಮುಖ ನೋಡಿದರು, ಆಮೇಲೆ ಪ್ರಿಂಟ್ ಕೊಟ್ಟರು. ಖರ್ಚಿನ ಮಾತು ಯಾರೂ ಎತ್ತಲಿಲ್ಲ. ಇನ್ನೂ ಎತ್ತಿಲ್ಲ ಅನ್ನಬೇಕೇನೋ.

ನನ್ನ ರಜೆ ಮುಗಿಯಲು ಆರು ದಿನ ಇದೆ. ಅಪ್ಪ ಆ ಚೀಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ತಾತನ ಫೋಟೋದ ಹಿಂದೆ ಸಿಕ್ಕಿಸಿದ್ದಾರೆ.